ನಿನ್ನಿ ಏನೇನ್ ಉಂಡ್ರಿ?

"ನಿನ್ನಿ ಮುಂಜಾನೆ ಎದ್ದಾಗಿಂದ ರಾತ್ರಿ ಮಲಗೂತನ ಬಾಯಿಗೆ ಏನೇನು ಹೋತು, ಒಂದೂ ಬಿಡದ ಹೇಳ್ರಿ ಮೇಡಂ" ಅಂದಳು ಡಯಟಿಷಿಯನ್ ಹುಡುಗಿ. ನನ್ನ ಮಗಳಿಗಿಂತ ಸಣ್ಣವಳು. ಮೇಜಿನ ಮೇಲೆ ಎರಡು ಸ್ಟೀಲ್ ಬಟ್ಟಲು, ಒಂದು ದೊಡ್ಡ ಚಮಚ, ಒಂದು ಚಹಾ ಚಮಚ ಇಟ್ಟುಕೊಂಡು ಕೂತಿದ್ದಳು.

ಸಲೀಸಾಗಿ ಶುರು ಮಾಡಿದೆ. ಮುಂಜಾನೆ ಚಹಾ, ನಾಷ್ಟಾಕ್ಕೆ ಉಪ್ಪಿಟ್ಟು, ಮಧ್ಯಾಹ್ನ ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಸ್ವಲ್ಪ ಅನ್ನ-ಸಾರು, ಸಂಜೆ ಚಹಾ, ರಾತ್ರಿ ಒಂದು ರೊಟ್ಟಿ. ಅವಳು ಬರೆದುಕೊಂಡಳು, ಪೆನ್ನು ಮಾತ್ರ ಕೆಳಗಿಡಲಿಲ್ಲ. "ಚಹಾದ ಜೋಡಿ ಏನರೆ?" ಎರಡು ಟೋಸ್ಟ್. "ಸಂಜಿ ಚಹಾಕ್ಕೂ?" ಹೂಂ, ಆಗಲೂ. "ಮೊಮ್ಮಗನ ತಾಟಿನಾಗಿನ ಉಪ್ಪಿಟ್ಟು?" ಅದು ಇವಳಿಗೆ ಹೇಗೆ ಗೊತ್ತಾಯಿತೋ! ಅವನು ಅರ್ಧ ಬಿಟ್ಟು ಸ್ಕೂಲ್ ವ್ಯಾನಿಗೆ ಓಡಿದ್ದ, ಚೆಲ್ಲಲು ಮನಸ್ಸಾಗದೆ ನಿಂತಲ್ಲೇ ತಿಂದಿದ್ದೆ. ಮಧ್ಯಾಹ್ನ ಎಲ್ಲರದೂ ಆದಮೇಲೆ ಬೋಗುಣಿಯಲ್ಲಿ ಉಳಿದ ಎರಡು ಸೌಟು ಅನ್ನ. ಡಬ್ಬಿ ತೊಳೆಯಬೇಕಿತ್ತು ಅಂತ ಅದರ ತಳದ ಅರ್ಧ ಶೇಂಗಾ ಹೋಳಿಗೆ. ಟಿವಿ ಮುಂದೆ ಒಂದು ಹಿಡಿ ಸೇವು. ಅವಳು ಒಂದೊಂದನ್ನೇ ಬಟ್ಟಲಲ್ಲಿ, ಚಮಚದಲ್ಲಿ ಅಳೆದು ತೋರಿಸುತ್ತಾ ಹೋದ ಹಾಗೆ ನಾನು ಮೊದಲು ಹೇಳಿದ ಊಟದ ಪಕ್ಕದಲ್ಲಿ ಇನ್ನೊಂದು ಊಟ ಬೆಳೆದು ನಿಂತಿತು.

ನಮ್ಮವರ ತಾಟಿನ ಲೆಕ್ಕ ಕೇಳಿದ್ದರೆ ನಿದ್ದೆಗಣ್ಣಲ್ಲೂ ಒಪ್ಪಿಸುತ್ತಿದ್ದೆ. ಅವರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದಾಗಿನಿಂದ ಎಣ್ಣೆ ಎಷ್ಟು, ಉಪ್ಪು ಎಷ್ಟು, ವಾರಕ್ಕೆ ತತ್ತಿ ಎಷ್ಟು, ಎಲ್ಲ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೇನೆ. ಅವರಿಗೆ ಬೇಡ ಅಂದದ್ದು ಮನೆಯಿಂದ ಹೊರಗೇನೂ ಹೋಗಲಿಲ್ಲ. ಹಬ್ಬಕ್ಕೆ ಕರಿದದ್ದು, ಬೀಗರು ಕಳಿಸಿದ ಬೇಸನ್ ಉಂಡೆ, ಅರ್ಧ ಉಳಿದ ಮಿರ್ಚಿ-ಭಜಿ ಸುತ್ತಿಬಳಸಿ ಕೊನೆಗೆ ನನ್ನ ಪಾಲಿಗೇ ಬರುತ್ತಿತ್ತು. ನಮ್ಮ ಕಡೆ ಬಹಳ ಮನೆಗಳಲ್ಲಿ ಹೀಗೇ ನಡೆಯುತ್ತದೆ ಅನ್ನುವುದು ನನ್ನ ಅಂದಾಜು. ಮನೆಯಲ್ಲಿ ಹಾರ್ಟು ಅಂದರೆ ಯಜಮಾನರದು.

ನಾನು ಅಲ್ಲಿಗೆ ಹೋದದ್ದು ಲಿಪಿಡ್ ಪ್ರೊಫೈಲ್, ಅಂದರೆ ರಕ್ತದಲ್ಲಿನ ಕೊಬ್ಬಿನ ತಪಾಸಣೆಯ ಚೀಟಿ ಹಿಡಿದುಕೊಂಡು. 49ಕ್ಕೆ ನನ್ನ ಮುಟ್ಟು ನಿಂತಿತು. ಅದಕ್ಕೂ ಮೊದಲಿನ ಚೀಟಿಯಲ್ಲಿ ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲ್ 112 ಇತ್ತು, ಈಗ 158. ತೂಕ ಹೆಚ್ಚೇನೂ ಏರಿಲ್ಲ, ಆದರೆ ಲಂಗದ ಲಾಡಿ ಮೊದಲಿನ ಗಂಟಿಗೆ ಬರುತ್ತಿಲ್ಲ. "ಉಣ್ಣೂದು ಮೊದಲಿನಂಗ ಐತ್ರಿ, ಇದ್ಯಾಕ ಏರ್ತು?" ಅಂತ ಕೇಳಿದ್ದಕ್ಕೆ ಡಾಕ್ಟರಮ್ಮ ಸಮಾಧಾನದಿಂದ ತಿಳಿಸಿ ಹೇಳಿದರು. ಈಸ್ಟ್ರೊಜೆನ್ ಅನ್ನುವ ಹೆಣ್ಣಿನ ಹಾರ್ಮೋನ್ ಇರುವತನಕ ಲಿವರು ರಕ್ತದಲ್ಲಿನ ಕೆಟ್ಟ ಕೊಲೆಸ್ಟ್ರಾಲನ್ನು ಚುರುಕಾಗಿ ಎಳೆದುಕೊಳ್ಳುತ್ತದೆ, ರಕ್ತನಾಳದ ಗೋಡೆಯೂ ಬಿಗಿಯಾಗದೆ ಮೆತ್ತಗಿರುತ್ತದೆ. ಕಡೆಯ ಮುಟ್ಟಿನ ಆಚೀಚಿನ ಒಂದು ವರ್ಷದಲ್ಲೇ ಎಲ್‌ಡಿಎಲ್ ಜಿಗಿಯುತ್ತದೆ. ಸೊಂಟ-ತೊಡೆಯಲ್ಲಿ ಕೂರುತ್ತಿದ್ದ ಕೊಬ್ಬು ಹೊಟ್ಟೆಯೊಳಗೆ ಸೇರಲು ಶುರುವಾಗುತ್ತದೆ. ಅಮೆರಿಕದ ಹೆಂಗಸರಿಗೆ ಮುಟ್ಟು ನಿಲ್ಲುವುದು 51ರ ಸುಮಾರಿಗೆ, ನಮ್ಮ ದೇಶದಲ್ಲಿ ಸರಾಸರಿ 46-47ಕ್ಕೇ. ಅಂದರೆ ಆ ರಕ್ಷಣೆ ನಮಗೆ ನಾಲ್ಕೈದು ವರ್ಷ ಮೊದಲೇ ಮುಗಿಯುತ್ತದೆ.

ಆಮೇಲೆ ಒಂದು ವಿಚಿತ್ರ ಪ್ರಶ್ನೆ ಕೇಳಿದರು: ಬಸುರಿದ್ದಾಗ ಬಿಪಿ ಏರಿತ್ತೇ, ಶುಗರ್ ಬಂದಿತ್ತೇ? ಎರಡನೆಯ ಹೆರಿಗೆಯಲ್ಲಿ ಕಾಲು ಬಾತು, ಬಿಪಿ ಏರಿ, ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಿದ್ದರು. ಮಗು ಚೆನ್ನಾಗಿತ್ತು, ಎಲ್ಲರೂ ಮರೆತೆವು. ಆವಾಗ ಹಾಗೆ ಆದವರಿಗೆ ಮುಂದೆ ಹೃದಯದ ಕಾಯಿಲೆಯ ಸಾಧ್ಯತೆ ಹೆಚ್ಚು ಅಂತ ಇಷ್ಟು ವರ್ಷದಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಹಾರ್ಮೋನ್ ಗುಳಿಗೆ ತಗೊಂಡರೆ ಸರಿಹೋಗುವುದಿಲ್ಲವೇ ಅಂತಲೂ ಕೇಳಿ ನೋಡಿದೆ. ಮುಟ್ಟು ನಿಲ್ಲುವಾಗ ಮೈಗೆ ಏರುವ ಝಳ ತಡೆಯಲಾಗದವರಿಗೆ ನೋಡಿ ಕೊಡುತ್ತೇವೆ, ಹೃದಯ ಕಾಯಲಿ ಅಂತ ಕೊಡುವುದಿಲ್ಲ, 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದನ್ನು ಅಪಾಯ ಕಂಡು ಅರ್ಧಕ್ಕೇ ನಿಲ್ಲಿಸಬೇಕಾಯಿತು ಅಂದರು.

ಅದೇ ಅಧ್ಯಯನದ ಇನ್ನೊಂದು ಭಾಗ ಊಟದ ಮೇಲೆ ನಡೆದದ್ದು. ಅದರ ಬಗ್ಗೆ ಮನೆಗೆ ಬಂದು ಓದಿದೆ. ಮುಟ್ಟು ನಿಂತ ಸುಮಾರು 49 ಸಾವಿರ ಹೆಂಗಸರು, ಸರಾಸರಿ 8 ವರ್ಷ. ಒಂದು ಗುಂಪಿಗೆ ಎಲ್ಲ ಬಗೆಯ ಜಿಡ್ಡನ್ನೂ ಕಡಿಮೆ ಮಾಡಿಸಿ ಕಾಳುಕಡಿ, ಹಣ್ಣು-ತರಕಾರಿ ಹೆಚ್ಚು ತಿನ್ನಲು ಹೇಳಿದ್ದರು. 2006ರಲ್ಲಿ ಲೆಕ್ಕ ಬಂದಾಗ ಹೃದಯಾಘಾತದಲ್ಲಿ ಹೇಳಿಕೊಳ್ಳುವಂಥ ಇಳಿತ ಕಾಣಲಿಲ್ಲ. ಇದನ್ನು ಓದಿದಾಗ ನನ್ನ ಟೋಸ್ಟು ನೆನಪಾಯಿತು. ನಮ್ಮವರಿಗೆ ಕಾಯಿಲೆ ಬಂದಾಗಿನಿಂದ ಮನೆಯಲ್ಲಿ ಎಣ್ಣೆ ಅಂದರೆ ಶತ್ರು. ಎಣ್ಣೆ ಕಾಣಿಸದ ಟೋಸ್ಟು, ಬಿಸ್ಕೀಟು, ಬ್ರೆಡ್ಡು ಎಲ್ಲ ಮಿತ್ರರು, ಮೈದಾ-ಸಕ್ಕರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಬೇಕರಿಯ ಜಿಡ್ಡೂ ಅದರೊಳಗೇ ಅಡಗಿರುತ್ತದೆ. ಅತ್ತ ಸ್ಪೇನಿನಲ್ಲಿ ಆಲಿವ್ ಎಣ್ಣೆ ಇಲ್ಲವೇ ಅಕ್ರೋಟ, ಬಾದಾಮಿಯಂಥವನ್ನು ಧಾರಾಳವಾಗಿ ಕೊಟ್ಟವರಿಗೆ ಲಾಭವಾಯಿತು ಅಂತ 2013ರಲ್ಲಿ ವರದಿ ಬಂತು. ಅದನ್ನು ನಡೆಸಿದ ರೀತಿಯಲ್ಲಿ ದೋಷ ಕಂಡು ವಾಪಸು ತಗೊಂಡು 2018ರಲ್ಲಿ ಮತ್ತೆ ಲೆಕ್ಕ ಹಾಕಿದರೂ ಒಲವು ಅದೇ ಕಡೆಗಿತ್ತು. ಎಷ್ಟು ಜಿಡ್ಡು ಅನ್ನುವುದರ ಜೊತೆ ಯಾವ ಜಿಡ್ಡು, ಅದನ್ನು ತೆಗೆದ ಜಾಗದಲ್ಲಿ ಏನು ಬಂದು ಕೂತಿತು ಅನ್ನುವುದನ್ನೂ ನೋಡಬೇಕು ಅಂತ ನಾನು ಅರ್ಥ ಮಾಡಿಕೊಂಡೆ.

ಡಯಟಿಷಿಯನ್ ಹುಡುಗಿ ಹತ್ತಿರ ಛಾಪಿಸಿದ ಒಂದು ಹಾಳೆ ಇತ್ತು, ಓಟ್ಸ್, ಬ್ರೊಕೋಲಿ ಎಲ್ಲ ಇದ್ದದ್ದು. ಅದನ್ನು ಪಕ್ಕಕ್ಕೆ ಸರಿಸಿ, "ನಿಮ್ಮ ಮನ್ಯಾಗ ಏನೈತಿ ಹೇಳ್ರಿ" ಅಂದದ್ದಕ್ಕೆ ಅವಳ ಮೇಲೆ ನನಗೆ ಗೌರವ ಬಂತು. ರೊಟ್ಟಿ ಇರಲಿ. ಮಡಕಿ ಕಾಳು, ಹೆಸರುಕಾಳು, ಹುರುಳಿ ದಿನಕ್ಕೆ ಒಂದು ಬಟ್ಟಲು ಬರಲಿ. ಹಸಿ ಮೆಂತ್ಯೆ ಸೊಪ್ಪು, ಹಕ್ಕರಿಕಿ, ಸೌತೆಕಾಯಿ ತಾಟಿಗೆ ಮೊದಲು ಬೀಳಲಿ, ಅನ್ನ ಆಮೇಲೆ. ಅಗಸಿ ಒಳ್ಳೆಯದು, ಕರಗುವ ನಾರೂ ಇದೆ, ಒಮೆಗಾ-3 ಕೊಬ್ಬೂ ಇದೆ, ಪುಡಿ ಮಾಡಿಯೇ ತಿನ್ನಿ, ಇಡೀ ಕಾಳು ಹಾಗೇ ಹೊರಗೆ ಹೋಗುತ್ತದೆ. ಎಣ್ಣೆ ತಲೆಗೆ ತಿಂಗಳಿಗೆ ಅರ್ಧ ಲೀಟರು, ಅದರಲ್ಲಿ ನನ್ನ ತಲೆಯನ್ನೂ ಎಣಿಸಬೇಕು.

ಅಗಸಿ ಅಂದಕೂಡಲೇ ನಾನು ಹಿಗ್ಗಿದೆ. ನಮ್ಮ ಕಡೆ ಚಟ್ನಿಪುಡಿಗೆ ಹಿಂಡಿ ಅನ್ನುತ್ತೇವೆ, ನಮ್ಮನೆಯಲ್ಲಿ ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಶೇಂಗಾ ಹಿಂಡಿ ಮೂರೂ ಡಬ್ಬಿ ಯಾವತ್ತೂ ಖಾಲಿಯಾಗುವುದಿಲ್ಲ. ಅವಳು ಕೇಳಿದ್ದು ಬೇರೆಯದೇ: "ಅದಕ್ಕ ಉಪ್ಪು ಎಷ್ಟು ಹಾಕ್ತೀರಿ?" ಚಹಾ ಚಮಚವನ್ನು ನನ್ನ ಮುಂದೆ ಸರಿಸಿದಳು. ದಿನಕ್ಕೆ 5 ಗ್ರಾಂ ಒಳಗೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ತಲೆತಟ್ಟಿದ ಈ ಒಂದು ಚಮಚ, ಎಲ್ಲ ಸೇರಿ. ಜೋಳದ ರೊಟ್ಟಿಗೆ ನಾವು ಉಪ್ಪೇ ಹಾಕುವುದಿಲ್ಲ, ಆ ಮಟ್ಟಿಗೆ ಪುಣ್ಯವಂತರು. ಆದರೆ ರೊಟ್ಟಿಯ ಪಕ್ಕದಲ್ಲಿ ಕೂರುವ ಹಿಂಡಿ, ಕೆಂಪು ಖಾರ, ಉಪ್ಪಿನಕಾಯಿ, ಬಾಳಕ, ಹಪ್ಪಳ, ಸಂಡಿಗೆ ಎಲ್ಲ ಉಪ್ಪಿನ ಮಕ್ಕಳೇ. ಈಗ ಹಿಂಡಿಗೆ ಹುಣಸೆಹಣ್ಣು, ಬೆಳ್ಳುಳ್ಳಿ ಹೆಚ್ಚಿಸಿ ಉಪ್ಪು ಅರ್ಧ ಮಾಡಿದ್ದೇನೆ. ಅತ್ತೆಯವರು ಒಂದು ತುತ್ತು ತಿಂದು, "ಉಪ್ಪಿಲ್ಲದ ಹಿಂಡಿ, ಮಾತಿಲ್ಲದ ಬೀಗತಿ, ಎರಡೂ ರುಚಿಯಿಲ್ಲ ನೋಡು" ಅಂದರು. ನಗು ಬಂತು, ಡಬ್ಬಿ ಮಾತ್ರ ಬದಲಾಗಲಿಲ್ಲ.

ಕೆಲವು ತಿಂಗಳ ನಂತರದ ಚೀಟಿಯಲ್ಲಿ ಎಲ್‌ಡಿಎಲ್ 139. ಇಳಿದಿತ್ತು, ಸಾಲದು. ಬಸುರಿನಲ್ಲಿ ಬಿಪಿ ಬಂದ ಹಿಸ್ಟರಿ ಇದೆ, ಈಗಲೂ ಬಿಪಿ ಅಂಚಿಗೆ ಬಂದು ನಿಂತಿದೆ ಅಂತ ಡಾಕ್ಟರಮ್ಮ ಕೊಲೆಸ್ಟ್ರಾಲ್ ಇಳಿಸುವ ಗುಳಿಗೆ ಸ್ಟ್ಯಾಟಿನ್ ಸಣ್ಣ ಡೋಸಿನಲ್ಲಿ ಬರೆದರು. ಊಟ ಸರಿಮಾಡಿದರೆ ಗುಳಿಗೆಯೇ ಬೇಡ ಅನ್ನುವ ವಾಟ್ಸ್ಯಾಪ್ ವಿದ್ವಾಂಸರು ನಮ್ಮ ಬಂಧುಗಳಲ್ಲೂ ಇದ್ದಾರೆ. ನಾನು ಎರಡನ್ನೂ ಬಿಟ್ಟಿಲ್ಲ.

ಮನೆಗೆ ರೊಟ್ಟಿ ಮಾಡಲು ಬರುವ ನಿಂಗವ್ವನಿಗೆ ಇದೆಲ್ಲ ಹೇಳುತ್ತಿದ್ದಾಗ ಅವಳು ಹಿಟ್ಟು ನಾದುತ್ತಾ, "ನಂದು ನಿಂತು ಏಳೆಂಟು ವರ್ಷ ಆತ್ರಿ ಬಾಯಾರ" ಅಂದಳು. ಅವಳ ವಯಸ್ಸು ನಾಲ್ವತ್ತೂ ದಾಟಿಲ್ಲ. ಬಿಳಿಸೆರಗು ಹೋಗುತ್ತಿತ್ತಂತೆ, ಗರ್ಭಕೋಶ ತೆಗೆದುಬಿಟ್ಟರಂತೆ. ಅಂಡಾಶಯ ಉಳಿಸಿದರೋ ತೆಗೆದರೋ ಅವಳಿಗೆ ಗೊತ್ತಿಲ್ಲ, ಚೀಟಿ ಗಂಡನ ಹತ್ತಿರ ಇತ್ತು, ಮನೆ ಬದಲಿಸುವಾಗ ಕಳೆದುಹೋಯಿತು. ಎರಡೂ ಅಂಡಾಶಯ ಹೋಗಿದ್ದರೆ ಈಸ್ಟ್ರೊಜೆನ್ ನಿಂತದ್ದು ಆಪರೇಷನ್ ಆದ ದಿನವೇ. ಹಾಗಾಗಿದ್ದರೆ ನನಗೆ 49ಕ್ಕೆ ಬಂದದ್ದು ಇವಳಿಗೆ ಮೂವತ್ತರ ಆಸುಪಾಸಿನಲ್ಲೇ ಬಂದಂತಾಯಿತು. ಇವಳಿಗೂ ಹೃದಯ ನೋಡಿಸಬೇಕು ಅಂತ ಯಾರಿಗಾದರೂ ಹೊಳೆದೀತೇ?

ಸ್ಕೂಲಿಗೆ ಅರ್ಧ ದಿನ ರಜೆ ಹಾಕಿ ಅವಳನ್ನು ನಮ್ಮ ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಬಿಪಿ 154/98. ಸ್ವಲ್ಪ ಕೂರಿಸಿ ಮತ್ತೆ ನೋಡಿದರು, ಹೆಚ್ಚುಕಮ್ಮಿ ಅಷ್ಟೇ. ಮತ್ತೊಂದು ದಿನವೂ ಹಾಗೇ ಇದ್ದಾಗ ಗುಳಿಗೆ ಶುರು ಮಾಡಿದರು. "ನೋವಿಲ್ಲ ಏನಿಲ್ಲ, ಗುಳಿಗಿ ಯಾಕಂತ ಮನ್ಯಾಗ ಕೇಳಾಕತ್ತಾರ್ರೀ" ಅಂತ ಮರುದಿನ ಬಂದಳು. "ನಿನ್ನ ಗಂಡನ್ನ ಭಾನುವಾರ ಕರ್ಕೊಂಡು ಬಾ, ನಮ್ಮವರ ಕಡಿಂದ ಹೇಳಸ್ತೀನಿ" ಅಂದೆ. ಗಂಡಸಿನ ಮಾತು ಗಂಡಸಿಗೆ ನಾಟುತ್ತದೆ, ಅದರಲ್ಲೂ ಸ್ಟೆಂಟ್ ಹಾಕಿಸಿಕೊಂಡವರ ಮಾತು. ಬಂದ. ನಮ್ಮವರು ಒಂದು ಗಂಟೆ ತಮ್ಮ ಆಪರೇಷನ್ ಕತೆಯನ್ನೇ ಹೇಳಿದರು. ಕಡೆಗೆ ಅವನು ಏಳುವಾಗ, ಬರುವ ತಿಂಗಳ ಗುಳಿಗೆ ತಾನೇ ಹೋಗಿ ಇಸಕೊಂಡು ಬರುತ್ತೇನೆ ಅಂದ.