ಚರ್ಚಿನ ಹಳೇ ರಿಜಿಸ್ಟರುಗಳು: ಕೆಲಸ ಎಲ್ಲಿಗೆ ಬಂತು

ಹಿಂದಿನ ಸಲ ಬರೆದಾಗ ಮೂಲೆಗಲ್ಲಿನ ಹತ್ತಿರ ನಿಂತಿದ್ದೆ. ಚಿಕಾಗೋ ಪಶ್ಚಿಮದ ಈ ಉಪನಗರದಲ್ಲಿ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಲೂಥರನ್ ಚರ್ಚಿದೆ. ಮಗಳು ಅಲ್ಲಿನ ಶಿಶುವಿಹಾರಕ್ಕೆ ಹೋಗುತ್ತಿದ್ದಳು, ಹಾಗೆ ಅಂಟಿಕೊಂಡ ಹುಚ್ಚು ಇದು: ಜರ್ಮನ್ ವಲಸಿಗರ ಆ ಚರ್ಚಿನ ಹಳೇ ರಿಜಿಸ್ಟರುಗಳನ್ನು ಓದಿ ಸ್ಪ್ರೆಡ್‌ಶೀಟಿಗೆ ಇಳಿಸುವುದು, ಅವರು ಜರ್ಮನ್ ಬಿಟ್ಟು ಇಂಗ್ಲಿಷಿಗೆ ಬದಲಾದದ್ದು ಯಾವಾಗ ಅಂತ ಹುಡುಕುವುದು. ಚರ್ಚಿನ ಗೋಡೆಯಲ್ಲಿ ಎರಡು ಮೂಲೆಗಲ್ಲುಗಳು. ಒಂದು ಸಭೆಯವರು ಪಟ್ಟಣ ಬಿಟ್ಟು ಇಲ್ಲಿಗೆ ಬಂದಾಗ ಕೂರಿಸಿದ್ದು, ಇನ್ನೊಂದು ಪಟ್ಟಣದ ಹಳೇ ಕಟ್ಟಡದಿಂದ ಕಿತ್ತು ತಂದದ್ದು. ಹಳೇ ಕಲ್ಲಿನ ಕೊನೆಗೆ ‘ಯು. ಎ. ಸಿ.’ ಎಂದು ಮೂರು ಅಕ್ಷರ. ಕಟ್ಟಿದ ಮೇಸ್ತ್ರಿಯ ಇನಿಷಿಯಲ್ ಇರಬೇಕು ಅಂದುಕೊಂಡಿದ್ದೆ.

ಅಲ್ಲವಂತೆ. ‘ಯು’ ಅಂದರೆ ತಿದ್ದದೇ ಇದ್ದದ್ದು, ‘ಎ. ಸಿ.’ ಅಂದರೆ ಆಗ್ಸ್‌ಬರ್ಗ್ ಕನ್ಫೆಷನ್. 1530ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಮುಂದೆ ಲೂಥರನ್ನರು ತಮ್ಮ ನಂಬಿಕೆ ಇದು ಎಂದು ಓದಿ ಒಪ್ಪಿಸಿದ ಪತ್ರ. ಅದನ್ನು ಬರೆದ ಮೆಲಂಕ್‌ಥನ್ನೇ 1540ರಲ್ಲಿ ಅಲ್ಲಲ್ಲಿ ತಿದ್ದಿದ. ನಾವು ಒಪ್ಪುವುದು ತಿದ್ದುವ ಮುಂಚಿನದ್ದನ್ನು ಮಾತ್ರ ಅಂತ ಇವರು ಮುನ್ನೂರು ಚಿಲ್ಲರೆ ವರ್ಷಗಳ ಮೇಲೆ, ಕಡಲು ದಾಟಿ ಬಂದು, ಕಲ್ಲಿನ ಮೇಲೆ ಕೆತ್ತಿಸಿದ್ದಾರೆ. ಹಟ ಅಂದರೆ ಹಟ.

ಈಗ ರಿಜಿಸ್ಟರುಗಳ ವಿಷಯ. ದೀಕ್ಷಾಸ್ನಾನದ್ದು ಮುಗಿಯಿತು. ಮದುವೆಯದ್ದು ಸುಲಭ, ಎರಡು ಭಾನುವಾರಗಳ ಕೆಲಸ. ಸಿಕ್ಕಿಹಾಕಿಕೊಂಡದ್ದು ಶವಸಂಸ್ಕಾರದ ಪುಸ್ತಕದಲ್ಲಿ. ಹಳೇ ಜರ್ಮನ್ ಕೈಬರಹಕ್ಕೆ ಕುರೆಂಟ್ ಅಂತಾರೆ. ನಮ್ಮ ಕಡೆ ಹಳೇ ದಫ್ತರಗಳ ಮೋಡಿ ಲಿಪಿ ನೋಡಿದವರಿಗೆ ಅಂದಾಜು ಸಿಗುತ್ತದೆ: ಕೈ ಎತ್ತದೆ ಬರೆದ ಗೆರೆ, ‘ಇ’ ಬರೆದರೆ ‘ಎನ್’ ಥರ ಕಾಣುತ್ತದೆ, ‘ಯು’ ಗುರುತು ಸಿಗಲಿ ಅಂತ ಅದರ ತಲೆಯ ಮೇಲೊಂದು ಕೊಕ್ಕೆ. ಪುಣ್ಯಕ್ಕೆ ಪಾಸ್ಟರುಗಳು ಹೆಸರುಗಳನ್ನು ಲ್ಯಾಟಿನ್ ಅಕ್ಷರದಲ್ಲಿ ದುಂಡಗೆ ಬರೆದು ಉಳಿದದ್ದನ್ನು ಮಾತ್ರ ಕುರೆಂಟಿನಲ್ಲಿ ಗೀಚಿದ್ದಾರೆ. ಹಾಗಾಗಿ ಸತ್ತವರು ಯಾರು ಅಂತ ತಕ್ಷಣ ಗೊತ್ತಾಗುತ್ತದೆ, ಯಾಕೆ ಸತ್ತರು ಅಂತ ತಿಳಿಯಲು ಅರ್ಧ ಗಂಟೆ ಬೇಕು. ‘ಷ್ವಿಂಡ್‌ಜುಖ್ಟ್’ ಅನ್ನುವ ಪದ ಮತ್ತೆ ಮತ್ತೆ ಬರುತ್ತದೆ. ಬಿಡಿಸಿದರೆ ಸವೆಯುತ್ತಾ ಹೋಗುವ ರೋಗ. ಕನ್ನಡದಲ್ಲಿ ಯೋಚಿಸುವವನಿಗೆ ಅರ್ಥ ಹುಡುಕುವ ಕಷ್ಟವೇ ಇಲ್ಲ, ಕ್ಷಯ.

ನನಗೆ ತುಂಬ ಇಷ್ಟವಾದದ್ದು ವಯಸ್ಸಿನ ಕಾಲಂ. ಹುಟ್ಟಿದ ತಾರೀಕು ಬರೆಯುವುದಿಲ್ಲ, ಇಷ್ಟು ವರ್ಷ, ಇಷ್ಟು ತಿಂಗಳು, ಇಷ್ಟು ದಿನ ಎಂದು ಎಣಿಸಿ ಬರೆಯುತ್ತಾರೆ. ಎಂಬತ್ತು ದಾಟಿದ ಮುದುಕನಿಗೂ ದಿನದ ಲೆಕ್ಕ ಬಿಟ್ಟಿಲ್ಲ. ಇದು ನನ್ನ ಕೆಲಸಕ್ಕೆ ವರವಾಯಿತು. ಸತ್ತ ದಿನದಿಂದ ವಯಸ್ಸನ್ನು ಕಳೆಯುವ ಒಂದು ಸೂತ್ರವನ್ನು ಸ್ಪ್ರೆಡ್‌ಶೀಟಿಗೆ ಹಾಕಿದ್ದೇನೆ. ಬಂದ ಜನ್ಮದಿನ ದೀಕ್ಷಾಸ್ನಾನದ ಪುಸ್ತಕಕ್ಕೆ ಹೊಂದದಿದ್ದರೆ ತಪ್ಪು ಬಹುಪಾಲು ನನ್ನದೇ. ಜರ್ಮನ್ನರ ‘1’ಕ್ಕೆ ಮುಂದೊಂದು ಉದ್ದ ಗೆರೆ ಇರುತ್ತದೆ, ನಾನು ಅದನ್ನು ‘7’ ಅಂತ ಓದಿಬಿಡುತ್ತೇನೆ.

ಒಂದು ಎಡವಟ್ಟೂ ಆಯಿತು. ಫೋನಿನ ಸ್ಕ್ಯಾನ್ ಆ್ಯಪ್ ಪುಟದ ಅಂಚನ್ನು ತಾನೇ ಕತ್ತರಿಸುತ್ತದೆ. ಅಂಚಿನಲ್ಲೇ ಪಾಸ್ಟರುಗಳ ಟಿಪ್ಪಣಿ ಇರುವುದು. ಒಂದಿಡೀ ಪುಸ್ತಕವನ್ನು ಮತ್ತೆ ಫೋಟೋ ತೆಗೆದೆ, ಈ ಸಲ ಟೇಬಲ್ ಲ್ಯಾಂಪನ್ನು ಪಕ್ಕದಿಂದ ಓರೆಯಾಗಿ ಹಿಡಿದು. ಅದರಿಂದ ಲಾಭವೂ ಆಯಿತು: ಅಳಿಸಿದ ಪೆನ್ಸಿಲ್ ಬರಹದ ತಗ್ಗು ನೆರಳಾಗಿ ಎದ್ದು ಕಾಣುತ್ತದೆ. ಆಫೀಸು ನೋಡಿಕೊಳ್ಳುವ ಅಜ್ಜಿ ಬಾಗಿಲಲ್ಲಿ ನಿಂತು, “ನಿಮ್ಮ ಭಾಷೆಗೂ ಬೇರೆಯೇ ಅಕ್ಷರವಂತಲ್ಲ, ಅದಕ್ಕೇ ನಿಮಗೆ ತಾಳ್ಮೆ ಇದೆ” ಅಂದರು. ತಾಳ್ಮೆ ಇರುವುದು ನಿಜ. ಅಕ್ಷರಕ್ಕೂ ಅದಕ್ಕೂ ಸಂಬಂಧವಿಲ್ಲ.

ಮುಖ್ಯ ಪ್ರಶ್ನೆ ಅದೇ: ಇವರು ಜರ್ಮನ್ ಬಿಟ್ಟದ್ದು ಯಾವಾಗ? ಚರ್ಚಿನ ಸ್ಮರಣ ಸಂಚಿಕೆ ಒಂದೇ ಸಾಲಿನಲ್ಲಿ ಮುಗಿಸಿದೆ, ಮೊದಲ ಮಹಾಯುದ್ಧ ಬಂತು, ಇಂಗ್ಲಿಷಿಗೆ ಬದಲಾದೆವು ಅಂತ. ನಂಬುವಂಥದ್ದೇ. ಈ ಚರ್ಚು ಸೇರಿದ ಲೂಥರನ್ ಚರ್ಚುಗಳ ಒಕ್ಕೂಟ, 1847ರಲ್ಲಿ ಚಿಕಾಗೋದಲ್ಲೇ ಹುಟ್ಟಿದ ಮಿಸೌರಿ ಸಿನಾಡ್, ತನ್ನ ಹೆಸರಿನ ಮೊದಲಲ್ಲಿದ್ದ ‘ಜರ್ಮನ್’ ಪದವನ್ನು ಕೈಬಿಟ್ಟದ್ದು 1917ರಲ್ಲಿ, ಅಮೆರಿಕ ಯುದ್ಧಕ್ಕೆ ಇಳಿದ ವರ್ಷ. ಮರುವರ್ಷ ಏಪ್ರಿಲ್‌ನಲ್ಲಿ ಇದೇ ಇಲಿನಾಯ್‌ನ ಕಾಲಿನ್ಸ್‌ವಿಲ್‌ನಲ್ಲಿ ರಾಬರ್ಟ್ ಪ್ರೇಗರ್ ಎಂಬ ಜರ್ಮನ್ ಗಣಿ ಕಾರ್ಮಿಕನನ್ನು ಗುಂಪು ನೇಣಿಗೆ ಹಾಕಿತು. ಮೇ ತಿಂಗಳಲ್ಲಿ ಪಕ್ಕದ ಅಯೋವದ ಗವರ್ನರ್ ಸಾರ್ವಜನಿಕ ಜಾಗದಲ್ಲಿ, ಫೋನಿನಲ್ಲಿ, ಪ್ರಾರ್ಥನೆಯಲ್ಲಿ ಕೂಡ ಇಂಗ್ಲಿಷೊಂದೇ ಎಂದು ಘೋಷಿಸಿದ. ನೆಬ್ರಾಸ್ಕದಲ್ಲಿ ಲೂಥರನ್ ಶಾಲೆಯ ಮೇಷ್ಟ್ರು ರಾಬರ್ಟ್ ಮೇಯರ್ ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಿಸಿದ್ದಕ್ಕೆ ದಂಡಕ್ಕೆ ಗುರಿಯಾದ. ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ತಳ್ಳಿಹಾಕಿದ್ದು 1923ರಲ್ಲಿ.

ಆದರೆ ಪುಸ್ತಕಗಳು ಬೇರೆ ಕಥೆ ಹೇಳುತ್ತಿವೆ. ಮಕ್ಕಳ ದೃಢೀಕರಣದ (ದೀಕ್ಷಾಸ್ನಾನವಾದ ಮಕ್ಕಳು ದೊಡ್ಡವರಾದ ಮೇಲೆ ತಾವೇ ನಂಬಿಕೆಯನ್ನು ಒಪ್ಪಿಕೊಳ್ಳುವ ವಿಧಿ) ಪಟ್ಟಿಯಲ್ಲಿ ಯುದ್ಧಕ್ಕೆ ಮೊದಲೇ ಇಂಗ್ಲಿಷ್ ಇಣುಕಿದೆ. ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನಕ್ಕೆ ಬಂದವರ ಲೆಕ್ಕದಲ್ಲಿ ಯುದ್ಧ ಮುಗಿದು ಎಷ್ಟೋ ಕಾಲದ ಮೇಲೂ ಎರಡು ಕಾಲಂ, ಜರ್ಮನ್ ಆರಾಧನೆಗೆ ಒಂದು, ಇಂಗ್ಲಿಷಿಗೆ ಒಂದು. ಗಂಡಸರ ಸಭೆಯ ನಡಾವಳಿ ಮೊದಲು ಬದಲಾಗಿದೆ, ಮಹಿಳಾ ಸಂಘದ್ದು ಬಹಳ ತಡವಾಗಿ. ಮಿಸೌರಿ ಸಿನಾಡಿನಲ್ಲಿ 1969ರ ತನಕ ಹೆಂಗಸರಿಗೆ ವೋಟು ಇರಲಿಲ್ಲ, ಹಾಗಾಗಿ ಸಂಚಿಕೆ ಬರೆದವರು ನೋಡಿದ್ದು ಗಂಡಸರ ಪುಸ್ತಕವೊಂದನ್ನೇ ಅಂತ ನನ್ನ ಗುಮಾನಿ.

ಎಲ್ಲಕ್ಕಿಂತ ಕೊನೆಗೆ ಬದಲಾದದ್ದು ಶವಸಂಸ್ಕಾರದ ಪುಸ್ತಕ. ಕುರೆಂಟಿನ ಕಡೇ ನಮೂದು ಒಬ್ಬ ಅಜ್ಜಿಯದು, ವರ್ಷ, ತಿಂಗಳು, ದಿನ ಸಮೇತ. ಅದರ ಕೆಳಗಿನ ಸಾಲಿನಿಂದ ಇಂಗ್ಲಿಷ್, ಹುಟ್ಟಿದ ತಾರೀಕು ಮತ್ತು ಸತ್ತ ತಾರೀಕು, ಅಷ್ಟೇ. ನನ್ನ ಸೂತ್ರಕ್ಕೆ ಅಲ್ಲಿಂದ ಮುಂದೆ ಕೆಲಸವಿಲ್ಲ.