ಲಂಡನ್ನಿನಲ್ಲಿ ಹಳೇ ಪಬ್ ಹುಡುಕಿಕೊಂಡು ಒಂದು ಸಂಜೆ

ಲಂಡನ್ನಿನಲ್ಲಿ ಪಬ್‌ಗೆ ಬರವಿಲ್ಲ. ಯಾವ ಬೀದಿಗೆ ತಿರುಗಿದರೂ ಒಂದು ಬಣ್ಣದ ಬೋರ್ಡು ನೇತಾಡುತ್ತಿರುತ್ತದೆ. ಆದರೆ ಹಳೇ ಕಾಲದ್ದೂ ಆಗಿರಬೇಕು, ರಾತ್ರಿ ನೆಮ್ಮದಿಯಾಗಿ ಕೂತು ಊಟ ಮಾಡೋ ಹಾಗೂ ಇರಬೇಕು ಅಂದರೆ ಸ್ವಲ್ಪ ಅಲೆಯಬೇಕು. ಕೆಲವು ಕಡೆ ಕಟ್ಟಡ ಸೊಗಸಾಗಿರುತ್ತದೆ, ತಟ್ಟೆಗೆ ಬರೋದು ಫ್ರೀಜರಿನಿಂದ ತೆಗೆದು ಬಿಸಿ ಮಾಡಿದ ಊಟ. ಇನ್ನು ಕೆಲವು ಕಡೆ ಅಡುಗೆ ಚೆನ್ನಾಗಿರುತ್ತದೆ, ಆದರೆ ಒಳಗಿನ ಗೋಡೆಗಳನ್ನೆಲ್ಲ ಒಡೆದು ಹೊಸದು ಮಾಡಿಬಿಟ್ಟಿರುತ್ತಾರೆ. ಅಲ್ಲಿ ಕೂತರೆ ಯಾವ ಊರಲ್ಲಿದ್ದೇವೆ ಅಂತಲೇ ಗೊತ್ತಾಗುವುದಿಲ್ಲ.

ದೊಡ್ಡಪ್ಪನ ಮಗ ಲಂಡನ್ನಿನಲ್ಲೇ ನೆಲೆಸಿದ್ದಾನೆ. ನನ್ನ ಹೆಂಡತಿ ಸಸ್ಯಾಹಾರಿ, ಕುಡಿಯುವುದೂ ಇಲ್ಲ. "ಭಾವ, ಪಬ್ ಅಂದ್ರೆ ಮಾತಾಡಕ್ಕೂ ಆಗದಷ್ಟು ಮ್ಯೂಸಿಕ್ ಹಾಕಿರ್ತಾರಲ್ವಾ?" ಅಂತ ಅವಳು ಕೇಳಿದಳು. ಬೆಂಗಳೂರಿನ ಪಬ್‌ಗಳನ್ನು ಹೊರಗಿನಿಂದ ಕೇಳಿಸಿಕೊಂಡವರು ಹಾಗೆ ಕೇಳುವುದು ಸಹಜ. "ಇಲ್ಲಮ್ಮಾ, ಹಳೇ ಪಬ್‌ಗಳಲ್ಲಿ ಬರೀ ಮಾತು. ನೀನೇ ಬಂದು ನೋಡು" ಅಂದ ಅಣ್ಣ. ಬುಧವಾರವೇ ಹೋಗೋಣ ಅಂದವನೂ ಅವನೇ. ಗುರುವಾರ, ಶುಕ್ರವಾರ ಆಫೀಸ್ ಬಿಟ್ಟವರೆಲ್ಲ ಗ್ಲಾಸು ಹಿಡಿದು ಫುಟ್‌ಪಾತ್ ತುಂಬಾ ನಿಂತಿರುತ್ತಾರೆ. ಊಟಕ್ಕೆ ಮೇಜು ಸಿಗುವುದು ಕಷ್ಟ.

ಮಧ್ಯಾಹ್ನ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿರುವ ಬಸವಣ್ಣನವರ ಪ್ರತಿಮೆ ನೋಡಿದೆವು. 2015ರ ನವೆಂಬರಿನಲ್ಲಿ ಅನಾವರಣಗೊಂಡದ್ದು. ನದಿಯ ಆಚೆ ದಡದಲ್ಲಿ ಪಾರ್ಲಿಮೆಂಟು. ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದು, ಆಮೇಲೆ ಸೇತುವೆ ದಾಟಿ ನದಿಯ ಪಕ್ಕದಲ್ಲೇ ನಡೆಯುತ್ತಾ ಫ್ಲೀಟ್ ಸ್ಟ್ರೀಟ್ ಕಡೆ ಹೊರಟೆವು.

ಫ್ಲೀಟ್ ಸ್ಟ್ರೀಟಿನಲ್ಲಿ ಎಲ್ಲರೂ ಹೇಳುವ ಹೆಸರು 'ಯೆ ಓಲ್ಡ್ ಚೆಷೈರ್ ಚೀಸ್'. ಬಾಗಿಲು ಇರುವುದು ಪಕ್ಕದ ಕಿರಿದಾದ ಓಣಿಯಲ್ಲಿ. 1666ರಲ್ಲಿ ಲಂಡನ್ ಸುಟ್ಟುಹೋದಾಗ ಇದ್ದ ಪಬ್ಬೂ ಸುಟ್ಟಿತು. ಮರುವರ್ಷ, 1667ರಲ್ಲಿ ಮತ್ತೆ ಕಟ್ಟಿದರು. ಅಲ್ಲಿಂದೀಚೆಗೆ ಈ ಪಬ್ಬು ಕಂಡ ರಾಜ ರಾಣಿಯರ ಹೆಸರುಗಳೆಲ್ಲ ಬಾಗಿಲ ಪಕ್ಕದ ಫಲಕದ ಮೇಲಿವೆ. ಒಳಗೆ ಕತ್ತಲೆ, ತಗ್ಗು ಮಾಡು, ಕಪ್ಪಾದ ಮರದ ಗೋಡೆ. ಸಣ್ಣ ಸಣ್ಣ ಕೋಣೆಗಳು, ಕೆಳಗೆ ನೆಲಮಾಳಿಗೆಗೆ ಇಳಿಯುವ ಇಕ್ಕಟ್ಟಾದ ಮೆಟ್ಟಿಲು. ಹಿಂದೆ ಇಲ್ಲಿ ಪೋಲಿ ಅನ್ನುವ ಗಿಳಿಯೊಂದಿತ್ತು. ಅದು 1926ರಲ್ಲಿ ಸತ್ತಾಗ ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಇದನ್ನೆಲ್ಲ ನೋಡಲೇಬೇಕು. ಆದರೆ ನಮ್ಮ ಹಾಗೆ ನೋಡಲು ಬಂದವರೇ ಅಲ್ಲಿ ಜಾಸ್ತಿ. ಒಂದು ಕೋಣೆಯಿಂದ ಇನ್ನೊಂದಕ್ಕೆ ಜನ ಫೋಟೋ ತೆಗೆಯುತ್ತಾ ಓಡಾಡುತ್ತಲೇ ಇರುತ್ತಾರೆ. ನಿಧಾನವಾಗಿ ಉಣ್ಣಬೇಕು ಅನ್ನುವವರಿಗೆ ಬೇರೆ ಜಾಗ ಒಳ್ಳೆಯದು.

ಚಾನ್ಸರಿ ಲೇನ್ ಹಿಡಿದು ಹೈ ಹೋಬರ್ನಿಗೆ ಬಂದರೆ 'ಪ್ರಿನ್ಸೆಸ್ ಲೂಯಿಸ್' ಸಿಗುತ್ತದೆ. 1872ರ ಪಬ್. ಈಗ ಕಾಣುವ ಒಳಾಂಗಣ 1891ರದ್ದು. ನಾನು ಕಂಡ ಪಬ್‌ಗಳಲ್ಲಿ ಇದಕ್ಕಿಂತ ಚಂದದ್ದು ಇನ್ನೊಂದಿಲ್ಲ. ಗೋಡೆಗೆಲ್ಲ ಬಣ್ಣದ ಟೈಲ್ಸ್, ಆಳೆತ್ತರದ ಕನ್ನಡಿಗಳು. ನಡುವೆ ಬಾರ್ ಕೌಂಟರ್, ಅದರ ಸುತ್ತ ಕೆತ್ತನೆಯ ಮರ ಮತ್ತು ಚಿತ್ತಾರದ ಗಾಜಿನ ಅಡ್ಡಗೋಡೆಗಳು. ಅವುಗಳ ನಡುವೆ ನಾಲ್ಕಾರು ಜನ ಹಿಡಿಸುವ ಗೂಡುಗಳು. ಗಂಡಸರ ಶೌಚಾಲಯದ ಅಮೃತಶಿಲೆಯ ತೊಟ್ಟಿಗಳನ್ನೂ ಕಟ್ಟಡದ ಜೊತೆಗೇ ಕಾಪಾಡಿಕೊಂಡಿದ್ದಾರೆ. ಸಂಗೀತ ಇಲ್ಲವೇ ಇಲ್ಲ. ಪಕ್ಕದ ಗೂಡಿನ ನಗು ಗಾಜು ದಾಟಿ ಬರುತ್ತದೆ, ಮುಖ ಕಾಣುವುದಿಲ್ಲ. ನಾವು ಹೋದಾಗ ಗೂಡುಗಳೆಲ್ಲ ಭರ್ತಿ. ಅರ್ಧ ಪೈಂಟ್ ಕುಡಿದು, ಕಣ್ತುಂಬಾ ನೋಡಿ ಹೊರಟೆವು.

ಅಷ್ಟರಲ್ಲಿ ಏಳು ಗಂಟೆ. ಅಣ್ಣನಿಗೆ ಅವಸರ. ಪಬ್ಬು ಹನ್ನೊಂದರ ತನಕ ತೆಗೆದಿದ್ದರೂ ಅಡುಗೆಮನೆ ಸಾಮಾನ್ಯವಾಗಿ ಒಂಬತ್ತರ ಹೊತ್ತಿಗೆ ಮುಚ್ಚುತ್ತದೆ. ಒಂಬತ್ತೂವರೆಗೆ ಹಸಿದುಕೊಂಡು ಹೋದರೆ ಚಿಪ್ಸ್ ಪೊಟ್ಟಣವೇ ಗತಿ. ನಮ್ಮೂರ ಊಟದ ಹೊತ್ತು ಇಟ್ಟುಕೊಂಡು ಹೋಗಬೇಡಿ.

ರೆಡ್ ಲಯನ್ ಸ್ಟ್ರೀಟ್ ದಾಟಿದರೆ ಲ್ಯಾಂಬ್ಸ್ ಕಾಂಡ್ಯುಯಿಟ್ ಸ್ಟ್ರೀಟ್. ಹದಿನಾರನೇ ಶತಮಾನದಲ್ಲಿ ವಿಲಿಯಂ ಲ್ಯಾಂಬ್ ಅನ್ನುವವನು ತನ್ನ ಹಣದಿಂದ ಇಲ್ಲಿಯ ನೀರಿನ ಕಾಲುವೆಯನ್ನು ದುರಸ್ತಿ ಮಾಡಿಸಿದ. ನೀರು ಹೊತ್ತು ಬದುಕಲಿ ಅಂತ ಬಡ ಹೆಂಗಸರಿಗೆ ಬಕೆಟ್‌ಗಳನ್ನೂ ಹಂಚಿದ. ನಮ್ಮ ಕಡೆ ಅರವಟ್ಟಿಗೆ ಇಡುವವರ ಹಾಗೆ ಒಬ್ಬ ಪುಣ್ಯಾತ್ಮ. ಬೀದಿಗೆ ಅವನ ಹೆಸರು, ಬೀದಿಯಲ್ಲಿರುವ ಪಬ್ಬಿಗೂ ಅದೇ ಹೆಸರು: 'ದ ಲ್ಯಾಂಬ್'.

ಇಲ್ಲಿ ಬಾಗಿಲು ತೆಗೆಯುತ್ತಿದ್ದ ಹಾಗೆ ಊಟ ಇಲ್ಲೇ ಅಂತ ಮೂವರೂ ನಿರ್ಧರಿಸಿದೆವು. ಮುಂಭಾಗಕ್ಕೆ ಹಸಿರು ಟೈಲ್ಸ್. ಒಳಗೆ ಲಾಳದ ಆಕಾರದ ಕೌಂಟರು, ಗೋಡೆ ತುಂಬಾ ಹಳೇ ಕಾಲದ ರಂಗಭೂಮಿ ಕಲಾವಿದರ ಫೋಟೋಗಳು. ಕೌಂಟರಿನ ಮೇಲೆ, ನಿಂತವರ ಮುಖದ ಮಟ್ಟಕ್ಕೆ, ಅಂಗೈಗಿಂತ ತುಸು ದೊಡ್ಡದಾದ ಮಂಜುಗಾಜಿನ ಕಿಟಕಿಗಳ ಸಾಲು. 'ಸ್ನಾಬ್ ಸ್ಕ್ರೀನ್' ಅನ್ನುತ್ತಾರೆ. ಬೆರಳಲ್ಲಿ ಒತ್ತಿದರೆ ಕಿಟಕಿ ಕೀಲಿನ ಮೇಲೆ ತಿರುಗುತ್ತದೆ. ಬೇಕಾದ್ದು ಕೇಳಿ ಮತ್ತೆ ಮುಚ್ಚಿಕೊಳ್ಳಬಹುದು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಕೂಲಿಯವರಿಗೆ ಒಂದು ಕೋಣೆ, ಅನುಕೂಲಸ್ಥರಿಗೆ ಇನ್ನೊಂದು. ತಾವು ಕುಡಿಯುವುದು ಕೆಲಸದವರ ಕಣ್ಣಿಗೆ ಬೀಳಬಾರದು ಅನ್ನುವ ದೊಡ್ಡ ಮನುಷ್ಯರಿಗೆ ಈ ಗಾಜಿನ ಮರೆ. ನನಗೆ ನಮ್ಮ ಹಳೇ ಹೋಟೆಲುಗಳು ನೆನಪಾದವು. ಅಲ್ಲೂ ಬ್ರಾಹ್ಮಣರಿಗೆ ಬೇರೆ ಕೋಣೆ ಇರುತ್ತಿತ್ತಲ್ಲ. ಮಧ್ಯಾಹ್ನವಷ್ಟೇ ಬಸವಣ್ಣನವರ ಮುಂದೆ ನಿಂತು ಬಂದಿದ್ದಕ್ಕೋ ಏನೋ, ಆ ಪುಟ್ಟ ಕಿಟಕಿಗಳನ್ನು ಬಹಳ ಹೊತ್ತು ನೋಡಿದೆ. ಈಗ ಅವುಗಳ ಎರಡೂ ಕಡೆ ಎಲ್ಲರೂ ಒಟ್ಟಿಗೇ ನಿಲ್ಲುತ್ತಾರೆ. ಗಾಜು ಉಳಿದಿದೆ, ಅಂತರ ಹೋಗಿದೆ. ಅದು ನನಗೆ ತುಂಬಾ ಹಿಡಿಸಿತು.

ಇಂಥ ಕಡೆ ವೇಟರ್ ಬರಲಿ ಅಂತ ಕಾಯಬಾರದು. ಮೇಜು ಹಿಡಿದು, ಅದರ ನಂಬರ್ ನೋಡಿಕೊಂಡು, ಕೌಂಟರಿಗೆ ಹೋಗಿ ಹೇಳಿ ಮೊದಲೇ ದುಡ್ಡು ಕೊಡಬೇಕು. ಕೌಂಟರಿನಲ್ಲಿ ಕ್ಯೂ ಕಾಣುವುದಿಲ್ಲ. ಆದರೆ ಯಾರ ನಂತರ ಯಾರು ಅಂತ ಒಳಗಿನವರಿಗೂ ಗೊತ್ತು, ಹೊರಗೆ ನಿಂತವರಿಗೂ ಗೊತ್ತು. "ನನಗಿಂತ ಮೊದಲು ಅವರು ಬಂದರು" ಅಂತ ಒಬ್ಬಾಕೆ ನಮ್ಮನ್ನು ತೋರಿಸಿದಳು.

ಅಣ್ಣ ಬಿಟರ್ ಅನ್ನುವ ಇಂಗ್ಲಿಷ್ ಬಿಯರ್ ತೆಗೆದುಕೊಳ್ಳಲು ಹೇಳಿದ. ನಲ್ಲಿ ತಿರುಗಿಸಿದರೆ ಬರುವ ಬಿಯರ್ ಅಲ್ಲ ಅದು. ಉದ್ದ ಹಿಡಿಕೆಯನ್ನು ಕೈಯಿಂದ ಜಗ್ಗಿ, ನೆಲಮಾಳಿಗೆಯ ಪೀಪಾಯಿಂದ ಮೇಲಕ್ಕೆ ಎಳೆಯಬೇಕು. ಪೀಪಾಯಿಯಲ್ಲಿ ಹುದುಗು ಇನ್ನೂ ಜೀವಂತವಾಗಿರುತ್ತದೆ, ಹೊರಗಿನಿಂದ ಗ್ಯಾಸ್ ತುಂಬುವುದಿಲ್ಲ. 11ರಿಂದ 13 ಡಿಗ್ರಿಯ ತಂಪು ಅಷ್ಟೇ. ಐಸ್‌ನಂಥ ಬಿಯರ್ ಕುಡಿದು ಅಭ್ಯಾಸವಾದವರಿಗೆ ಮೊದಲ ಗುಟುಕು ಸಪ್ಪೆ ಅನ್ನಿಸಬಹುದು. ಎರಡನೆಯದಕ್ಕೆ ಸುಟ್ಟ ಧಾನ್ಯದ ಸಣ್ಣ ಸಿಹಿ, ಹಿಂದೆಯೇ ಕಹಿ. ಪೀಪಾಯಿ ತೆರೆದ ಮೇಲೆ ಮೂರ್ನಾಲ್ಕು ದಿನದಲ್ಲಿ ಖಾಲಿಯಾಗದಿದ್ದರೆ ಕೆಡುತ್ತದೆ. ಆದ್ದರಿಂದ ಒಳ್ಳೇ ಬಿಟರ್ ಬೇಕಾದರೆ ಜನ ಓಡಾಡುವ ಪಬ್ಬಿಗೇ ಹೋಗಬೇಕು. ಪೂರ್ತಿ ಪೈಂಟ್ ಅಂದರೆ 568 ಎಂಎಲ್. ಅರ್ಧ ಕೇಳಿದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ನನ್ನ ಹೆಂಡತಿ ಲೈಮ್ ಸೋಡಾ ಕುಡಿದಳು. ಎಲ್ಲ ಪಬ್ಬಲ್ಲೂ ಸಿಗುತ್ತದೆ, ಅಗ್ಗವೂ ಹೌದು.

ನಾನು ಹೇಳಿದ್ದು ಏಲ್ (ಒಂದು ಬಗೆಯ ಬಿಯರ್) ಹಾಕಿ ಬೇಯಿಸಿದ ಬೀಫ್ ಪೈ. ಪೈ ವಿಷಯದಲ್ಲಿ ಅಣ್ಣ ಬಹಳ ಕಟ್ಟುನಿಟ್ಟು. ಬಟ್ಟಲಿಗೆ ಸಾರು ಸುರಿದು ಮೇಲೊಂದು ಹಾಳೆಯಂಥ ಮುಚ್ಚಳ ಇಟ್ಟರೆ ಅದನ್ನು ಅವನು ಪೈ ಅಂತ ಒಪ್ಪುವುದಿಲ್ಲ. ತಳ, ಪಕ್ಕ, ಮೇಲೆ ಎಲ್ಲ ಕಡೆ ಹಿಟ್ಟಿನ ಗೋಡೆ ಇರಬೇಕು. ನಮಗೆ ಬಂದದ್ದು ಹಾಗೇ ಇತ್ತು. ಚಾಕು ಹಾಕಿದಾಗ ಮೇಲಿನ ಪದರ ಚೂರುಚೂರಾಯಿತು. ತಳದ ಹಿಟ್ಟು ಮಾತ್ರ ಗ್ರೇವಿ ಕುಡಿದು ಮೆತ್ತಗಾಗಿತ್ತು. ಆ ಮೆತ್ತಗಿನ ಭಾಗಕ್ಕೇ ರುಚಿ ಜಾಸ್ತಿ. ಪಕ್ಕದಲ್ಲಿ ಬೆಣ್ಣೆ ಹಾಕಿ ಕಿವುಚಿದ ಆಲೂಗಡ್ಡೆ, ಬೇಯಿಸಿದ ಎಲೆಕೋಸು. ಮಸಾಲೆ ಅಂದರೆ ಮೆಣಸು, ಉಪ್ಪು ಅಷ್ಟೇ. ಉಪ್ಪಿನಕಾಯಿ ಬೇಕು ಅಂತ ನನಗೆ ಒಮ್ಮೆಯೂ ಅನ್ನಿಸಲಿಲ್ಲ.

ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಅವಳಿಗೆ ತರಕಾರಿ ಸಾಸೇಜ್, ಕಿವುಚಿದ ಆಲೂಗಡ್ಡೆ, ಈರುಳ್ಳಿ ಗ್ರೇವಿ ಸಿಕ್ಕಿತು. ಆದರೆ ಎರಡು ಮಾತು ಕೇಳಿಯೇ ಆರ್ಡರ್ ಕೊಡಬೇಕು. ಗ್ರೇವಿಗೆ ಮಾಂಸದ ರಸ ಹಾಕಿದ್ದಾರಾ? ಆಲೂಗಡ್ಡೆ ಚಿಪ್ಸ್ (ನಾವು ಫ್ರೆಂಚ್ ಫ್ರೈಸ್ ಅನ್ನುವುದು) ಯಾವುದರಲ್ಲಿ ಕರಿಯುತ್ತಾರೆ? ಕೆಲವು ಕಡೆ ದನದ ಕೊಬ್ಬಿನಲ್ಲೇ ಕರಿಯುವ ಪದ್ಧತಿ ಇನ್ನೂ ಇದೆ. ಕೇಳಿದರೆ ಬೇಸರಿಸದೆ ಹೇಳುತ್ತಾರೆ.

ಊಟ ಮುಗಿದ ಮೇಲೂ ಯಾರೂ ನಮ್ಮನ್ನು ಎಬ್ಬಿಸಲಿಲ್ಲ, ಬಿಲ್ ತಂದು ಮುಂದೆ ಇಡಲಿಲ್ಲ. ದುಡ್ಡು ಮೊದಲೇ ಕೊಟ್ಟಾಗಿತ್ತಲ್ಲ. ಪಕ್ಕದ ಮೇಜಿನ ಮುದುಕರೊಬ್ಬರು ಪೇಪರ್ ಓದುತ್ತಿದ್ದರು, ಅವರ ಕಾಲಡಿ ನಾಯಿ ಮಲಗಿತ್ತು. ಊರು ಬಿಟ್ಟ ಕಥೆಗಳನ್ನು ಅಣ್ಣ ನಮ್ಮ ಮುಂದೆ ಬಿಚ್ಚಿದ್ದು ಅಲ್ಲೇ. ಅವನ ಮನೆಯಲ್ಲೂ ಅಷ್ಟು ಮಾತಾಡಿರಲಿಲ್ಲ. ಇಂಥ ಪಬ್‌ಗಳು ಬಾಡಿಗೆ, ಖರ್ಚು ತಾಳಲಾರದೆ ಮುಚ್ಚುತ್ತಿವೆ ಅಂತ ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು.

ಇನ್ನೊಂದು ದಿನ ಕೈಯಲ್ಲಿದ್ದರೆ ಸದಕ್ (Southwark) ಕಡೆಯ 'ಜಾರ್ಜ್ ಇನ್' ಬಿಡಬೇಡಿ. 1677ರಲ್ಲಿ ಕಟ್ಟಿದ್ದು, ಕುದುರೆ ಗಾಡಿಗಳು ತಂಗುತ್ತಿದ್ದ ಛತ್ರ. ಅಂಗಳದ ಕಡೆಗೆ ಮರದ ಮೊಗಸಾಲೆ ಇರುವ ಇಂಥ ತಂಗುದಾಣ ಲಂಡನ್ನಿನಲ್ಲಿ ಉಳಿದಿರುವುದು ಇದೊಂದೇ. ಭಾನುವಾರ ಹೋಗುವುದಾದರೆ ಯಾವ ಪಬ್ಬೇ ಆಗಲಿ, ರೋಸ್ಟ್ (ಹುರಿದ ಮಾಂಸದ) ಊಟಕ್ಕೆ ಮೇಜನ್ನು ಮೊದಲೇ ಕಾದಿರಿಸಿ, ಮಧ್ಯಾಹ್ನವೇ ಹೋಗಿ. ಸಂಜೆ ಹೊತ್ತಿಗೆ ಮಾಡಿದ್ದು ಖಾಲಿಯಾಗಿರುವುದೇ ಹೆಚ್ಚು.