ಗೊರಬೆಯೂ ಸರಿ, ಗಂಬೂಟೂ ಸರಿ

ಗೋಣಿಕೊಪ್ಪಲಿನಲ್ಲಿ ಕಾಫಿ, ಕರಿಮೆಣಸು ಖರೀದಿ ಮಾಡುವ ಒಂದು ಕಚೇರಿಗೆ ನಾನು ಆಗಾಗ ಸಾಫ್ಟ್‌ವೇರ್ ಕೆಲಸ ಮಾಡಿಕೊಡುತ್ತೇನೆ. ಬೆಳೆಗಾರರು ಮೊಬೈಲ್‌ನಲ್ಲಿ ಲಾಗಿನ್ ಆಗಿ ಎಷ್ಟು ಚೀಲ ಹಾಕಿದ್ದೇವೆ, ಔಟ್‌ಟರ್ನ್ (ಚೀಲಕ್ಕೆ ಸಿಗುವ ಸಂಸ್ಕರಿಸಿದ ಬೀಜದ ತೂಕ) ಎಷ್ಟು ಬಂತು, ಬಾಕಿ ದುಡ್ಡು ಎಷ್ಟು ಅಂತ ನೋಡಿಕೊಳ್ಳಬಹುದು. ಆ ಲಾಗಿನ್ ಭಾಗವನ್ನು ಹಿಂದೆ ಯಾರೋ ಬರೆದುಕೊಟ್ಟಿದ್ದರು. ಅದನ್ನು ಪೂರ್ತಿ ಬದಲಾಯಿಸುವ ಕೆಲಸ ಈ ಜುಲೈನಲ್ಲಿ ಬಂತು. ಹೊರಗೆ ಜಡಿಮಳೆ, ಕರೆಂಟ್ ಬರುವುದು ಹೋಗುವುದು ಅದರಿಷ್ಟ.

ಪಾಸ್‌ವರ್ಡ್ ಇಟ್ಟಿದ್ದ ಟೇಬಲ್ ತೆರೆದರೆ ಎಲ್ಲದಕ್ಕೂ ಎಂಡಿ5, ಅಂದರೆ ಪಾಸ್‌ವರ್ಡನ್ನು ಹಿಂದಕ್ಕೆ ತಿರುಗಿಸಲಾಗದ ಅಕ್ಷರ-ಅಂಕಿಗಳ ಸಾಲಾಗಿ (ಹ್ಯಾಶ್) ಬದಲಾಯಿಸುವ ಒಂದು ಹಳೆಯ ವಿಧಾನ. ಅದೂ ಸಾಲ್ಟ್ (ಒಬ್ಬೊಬ್ಬರ ಪಾಸ್‌ವರ್ಡ್‌ಗೂ ಬೆರೆಸುವ ಬೇರೆ ಬೇರೆ ಅಕ್ಷರಗಳ ತುಣುಕು) ಇಲ್ಲದೆ. ಶುರುವಿನಲ್ಲಿ ಕಚೇರಿಯವರು ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಟ್ಟಿದ್ದರು, ಬಹಳ ಜನ ಅದನ್ನು ಬದಲಾಯಿಸಿರಲೇ ಇಲ್ಲ, ಹಾಗಾಗಿ ಅದೇ 32 ಅಕ್ಷರದ ಸಾಲು ಮೇಲಿಂದ ಕೆಳಗೆ ಮತ್ತೆ ಮತ್ತೆ ಕಾಣುತ್ತಿತ್ತು. ಎಂಡಿ5 ಬಂದದ್ದು 1991ರಲ್ಲಿ. ಅದರ ದೊಡ್ಡ ಗುಣ ವೇಗ, ಪಾಸ್‌ವರ್ಡ್ ವಿಷಯದಲ್ಲಿ ಅದೇ ದೊಡ್ಡ ದೋಷ. ಟೇಬಲ್ ಕದ್ದವನು ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಟ್ಟುಕೊಂಡರೆ ಸೆಕೆಂಡಿಗೆ ಸಾವಿರಾರು ಕೋಟಿ ಊಹೆ ಹಾಕಬಹುದು.

ಅದರ ಜಾಗಕ್ಕೆ ಮೊದಲು ಬಿಕ್ರಿಪ್ಟ್ ಅನ್ನುವ ಹ್ಯಾಶ್ ವಿಧಾನ ಹಾಕಿದೆ. ನೀಲ್ಸ್ ಪ್ರೊವೋಸ್, ಡೇವಿಡ್ ಮಾಜಿಯೆರ್ ಇಬ್ಬರೂ 1999ರಲ್ಲಿ ಕೊಟ್ಟದ್ದು. ಬೇಕಂತಲೇ ನಿಧಾನ. ಕಾಸ್ಟ್ (ಎಷ್ಟು ನಿಧಾನ ಅಂತ ಹೇಳುವ ಅಂಕಿ) ಒಂದು ಹೆಚ್ಚಿಸಿದರೆ ಕೆಲಸ ಎರಡು ಪಟ್ಟಾಗುತ್ತದೆ. ಸಾಲ್ಟ್ ಕೂಡ ಪ್ರತಿಯೊಬ್ಬರಿಗೂ ಬೇರೆ. ನಾನು ಕೋಡ್ ಬರೆಯುವ ಪಿಎಚ್‌ಪಿ ಭಾಷೆಯಲ್ಲಿ 2013ರಿಂದಲೇ ಇದಕ್ಕೆ ಸಿದ್ಧ ಫಂಕ್ಷನ್‌ಗಳಿವೆ, ನಾವು ಕೈಯಾರೆ ಏನೂ ಬರೆಯಬೇಕಿಲ್ಲ. ಜೊತೆಗೆ ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಅನ್ನುವ ಕಿರಿಕಿರಿ ತೆಗೆದು, ನೆನಪಿರುವ ಒಂದು ಉದ್ದ ವಾಕ್ಯ ಹಾಕಿ ಅಂತ ಮಾಡಿದೆ. ಕನ್ನಡದಲ್ಲೇ ಹಾಕಬಹುದು.

ಪರೀಕ್ಷೆಗೆ ಸಿಕ್ಕಿದ್ದು ನಮ್ಮ ರೈಟರ್ ಅಣ್ಣ. ತೋಟದಲ್ಲಿ ರೈಟರ್ (ಹಾಜರಿ, ಲೆಕ್ಕ ಬರೆಯುವವರು) ಆಗಿ ನಿವೃತ್ತರಾಗಿ ಈಗ ಇಲ್ಲಿ ಲೆಕ್ಕ ನೋಡುತ್ತಾರೆ. ಮೊಬೈಲ್ ತೆಗೆದು ಒಂದೇ ಉಸಿರಿಗೆ ಒತ್ತಿದರು: ‘ಕೊಡಗಿನ ಮಳೆಗೆ ಕೊಡೆ ಸಾಕಾಗಲ್ಲ ಗೊರಬೆ ಬೇಕು’. (ಗೊರಬೆ ಅಂದರೆ ತಲೆ, ಬೆನ್ನು ಮುಚ್ಚುವ ಹಳೆಯ ಕಾಲದ ಮಳೆ ಹೊದಿಕೆ. ಈಗ ಅವರ ಪಾಸ್‌ವರ್ಡ್ ಬೇರೆ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಕಚೇರಿಯವರೆಲ್ಲ ಕೇಳಿಸಿಕೊಂಡಿದ್ದರು.)

ಮೊಬೈಲ್‌ನಲ್ಲಿ ಲಾಗಿನ್ ಆಯಿತು. ಕಚೇರಿಯ ಕಂಪ್ಯೂಟರ್‌ನಲ್ಲಿ ಆಗಲಿಲ್ಲ. ಮತ್ತೆ ಮತ್ತೆ ಒತ್ತಿದರು, ಊಹೂಂ.

‘ಅಲ್ಲ ಮಾರಾಯ, ಈ ಕೀಬೋರ್ಡಿಗೂ ಥಂಡಿ ಹಿಡೀತಾ?’

ಎರಡೂ ಕಡೆಯಿಂದ ಬಂದ ಬೈಟ್‌ಗಳನ್ನು (ಕಂಪ್ಯೂಟರ್ ಅಕ್ಷರಗಳನ್ನು ಇಡುವ ಅಂಕಿಗಳು) ಒಂದರ ಕೆಳಗೊಂದು ಇಟ್ಟು ನೋಡಿದೆ. ಮೊದಲ ಅಕ್ಷರದಲ್ಲೇ ಜಗಳ. ಮೊಬೈಲ್ ‘ಕೊ’ ಅನ್ನು ಎರಡು ಸಂಕೇತದಲ್ಲಿ ಕಳಿಸಿತ್ತು: ಕ, ಆಮೇಲೆ ಒ-ಕಾರದ ಗುರುತು. ಕಂಪ್ಯೂಟರ್‌ನ ಹಳೆಯ ಟೈಪಿಂಗ್ ಸಾಫ್ಟ್‌ವೇರ್ ಮೂರು ಕಳಿಸಿತ್ತು: ಕ, ಎ-ಕಾರದ ಗುರುತು, ಊ-ಕಾರದ ಗುರುತು. ಪರದೆ ಮೇಲೆ ಎರಡೂ ಕೊ. ಕಣ್ಣಿಗೆ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಆದರೆ ಹ್ಯಾಶ್‌ಗೆ ಕಣ್ಣೆಲ್ಲಿದೆ, ಅದು ನೋಡುವುದು ಬೈಟ್ ಮಾತ್ರ, ಒಂದು ಬೈಟ್ ಬೇರೆಯಾದರೂ ಹೊರಬರುವುದು ಪೂರ್ತಿ ಬೇರೆ.

ಈ ಎರಡು ರೂಪವೂ ಸಮ ಅಂತ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಮಾನದಂಡ) ಹೇಳುತ್ತದೆ. ಎರಡನ್ನೂ ಒಂದೇ ರೂಪಕ್ಕೆ ತರುವ ಕ್ರಮಕ್ಕೆ ಎನ್‌ಎಫ್‌ಸಿ ಅಂತ ಹೆಸರು. ಪಾಸ್‌ವರ್ಡ್‌ಗೆ ಅದನ್ನೇ ಬಳಸಿ ಅಂತ 2017ರ ಇಂಟರ್ನೆಟ್ ಮಾನದಂಡದ ದಾಖಲೆ ಆರ್‌ಎಫ್‌ಸಿ 8265 ಸ್ಪಷ್ಟವಾಗಿ ಹೇಳಿದೆ. ಒಂದೇ ಸಾಲಿನ ಕೋಡ್, ಆದರೆ ಪಾಸ್‌ವರ್ಡ್ ಇಡುವಾಗಲೂ ಬೇಕು, ತಾಳೆ ನೋಡುವಾಗಲೂ ಬೇಕು.

ಸೇರಿಸಿದ ಮೇಲೆ ಎರಡೂ ಕಡೆ ಬಾಗಿಲು ತೆರೆಯಿತು. ರೈಟರ್ ಅಣ್ಣ ಸುಮ್ನೆ ಕೂರುವವರಲ್ಲ. ತೋಟದಲ್ಲಿ ಹಾಜರಿ ಪುಸ್ತಕ ತಿದ್ದಿದ ಕೈ ಅದು. ಬೇಕಂತಲೇ ತಪ್ಪು ಒತ್ತಿದರು: ‘ಕೊಡಗಿನ ಮಳೆಗೆ ಕೊಡೆ ಸಾಕಾಗಲ್ಲ ಗಂಬೂಟ್ ಬೇಕು’.

ತೆರೆಯಿತು!

ಅವರು ನಕ್ಕರು. ನಾನು ಲೆಕ್ಕ ಹಾಕಲು ಕೂತೆ. ಬಿಕ್ರಿಪ್ಟ್ ಮೊದಲ 72 ಬೈಟ್ ಮಾತ್ರ ನೋಡುತ್ತದೆ, ಉಳಿದದ್ದನ್ನು ಕೇಳದೆ ಬಿಸಾಡುತ್ತದೆ. ಇಂಗ್ಲಿಷ್‌ನಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್, 72 ದಾಟುವವರು ಅಪರೂಪ. ಯುಟಿಎಫ್-8ರಲ್ಲಿ (ಯೂನಿಕೋಡ್ ಸಂಕೇತಗಳನ್ನು ಬೈಟ್ ಆಗಿಸುವ ಕ್ರಮ) ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ಅಕ್ಷರ ಬೇರೆ, ಅದರ ಕಾಗುಣಿತದ ಗುರುತು ಬೇರೆ, ಒತ್ತಕ್ಷರ ಬಂದರೆ ನಡುವಿನ ವಿರಾಮವೂ ಬೇರೆ. ‘ಕೊಡಗಿನ ಮಳೆಗೆ ಕೊಡೆ ಸಾಕಾಗಲ್ಲ’ ಅನ್ನುವುದರಲ್ಲಿ 23 ಸಂಕೇತ, ಅಂದರೆ 69 ಬೈಟ್. ನಡುವಿನ ಮೂರು ಖಾಲಿ ಜಾಗ ಸೇರಿಸಿ. ಸರಿಯಾಗಿ 72. ಗೊರಬೆ ಹೊರಗೇ ಉಳಿಯಿತು.

ಬೆಂಗಳೂರಿನ ಗೆಳೆಯನಿಗೆ ಫೋನ್ ಮಾಡಿದರೆ ಅವನ ಪರಿಹಾರ ಸುಲಭದ್ದು: ‘ಪಾಸ್‌ವರ್ಡ್‌ಗೆ ಇಂಗ್ಲಿಷ್ ಮಾತ್ರ ಅಂತ ಹಾಕಿಬಿಡು, ತಲೆನೋವು ಯಾಕೆ?’ ಈ ಮಾತು ಕೇಳಿದರೆ ನನಗೆ ಉರಿಯುತ್ತದೆ. ಬೆಳೆಗಾರರಿಗೆ ಸಲೀಸಾಗಿ ನೆನಪಿರುವ ವಾಕ್ಯ ಇರುವುದೇ ಕನ್ನಡದಲ್ಲಿ, ಅದನ್ನು ಬೇಡ ಅಂದರೆ ಮತ್ತೆ ಮಗಳ ಹೆಸರು, ಮುಂದೆ 123. ಆ ನಾಲ್ಕು ಪದವೇ ಸಾಕಷ್ಟು ಗಟ್ಟಿ ಅಂತಲೂ ಅವನು ವಾದ ಮಾಡಿದ. ಇರಬಹುದು. ಆದರೆ ತಪ್ಪು ಹೇಳಿದವರನ್ನೂ ಒಳಗೆ ಬಿಡುವ ಲಾಗಿನ್ ಅನ್ನು ರೈಟರ್ ಅಣ್ಣ ಇನ್ನು ಜನ್ಮದಲ್ಲಿ ನಂಬುವುದಿಲ್ಲ.

ಮೊದಲು ಶಾ-256 (ಎಷ್ಟೇ ಉದ್ದದ್ದನ್ನೂ 32 ಬೈಟ್‌ಗೆ ಇಳಿಸುವ ಇನ್ನೊಂದು ಹ್ಯಾಶ್) ಮಾಡಿ ಅದನ್ನು ಬಿಕ್ರಿಪ್ಟ್‌ಗೆ ಕೊಡುವ ದಾರಿ ಇದೆ, ಆದರೆ ಕಚ್ಚಾ ಬೈಟ್‌ಗಳನ್ನು ಹಾಗೇ ಕೊಟ್ಟರೆ ನಡುವೆ ಸೊನ್ನೆ ಬೈಟ್ ಬಂದು ಬೇರೆ ಪೇಚಾಟ. ಅದೆಲ್ಲ ಬೇಡ ಅಂತ ಆರ್ಗಾನ್2 ಹ್ಯಾಶ್‌ನ ಒಂದು ಬಗೆಯಾದ ಆರ್ಗಾನ್2ಐಡಿಗೆ ಹೋದೆ. ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆಯಲ್ಲಿ 2015ರಲ್ಲಿ ಗೆದ್ದದ್ದು ಆರ್ಗಾನ್2. ಅದಕ್ಕೆ 72ರ ಬೇಲಿ ಇಲ್ಲ, ಮೆಮೊರಿಯನ್ನೂ ಕೇಳುವುದರಿಂದ ಗ್ರಾಫಿಕ್ಸ್ ಕಾರ್ಡ್‌ನವನಿಗೂ ಕಷ್ಟ. ವೆಬ್ ಸುರಕ್ಷತೆಯ ಸಂಸ್ಥೆ ಓವಾಸ್ಪ್ ಸೂಚಿಸುವ 19 ಎಂಬಿ ಮೆಮೊರಿ, ಎರಡು ಸುತ್ತು ನಮ್ಮ ಪುಟ್ಟ ಸರ್ವರ್‌ಗೆ ಭಾರ ಆಗಲಿಲ್ಲ.

ಹಳೆಯ ಎಂಡಿ5 ಸಾಲುಗಳನ್ನು ಹಾಗೇ ಬಿಡುವಂತಿರಲಿಲ್ಲ. ಅವನ್ನೇ ಆರ್ಗಾನ್2ಐಡಿ ಒಳಗೆ ಹಾಕಿ, ಬರೀ ಎಂಡಿ5 ಇದ್ದ ಕಾಲಂ ಅಳಿಸಿದೆ. ಹಳೇ ಬ್ಯಾಕಪ್ ಫೈಲ್‌ಗಳನ್ನೂ ಹುಡುಕಿ ಅಳಿಸಬೇಕಾಯಿತು, ಒಂದು ಪೆನ್‌ಡ್ರೈವ್ ಮೆಣಸಿನ ಸ್ಯಾಂಪಲ್ ಕವರಿನೊಳಗೆ ಸಿಕ್ಕಿತು. ಯಾರಾದರೂ ಲಾಗಿನ್ ಆದ ಕೂಡಲೇ ಹೊಸ ವಾಕ್ಯ ಕೇಳಿ ನೇರವಾಗಿ ಹ್ಯಾಶ್ ಮಾಡುತ್ತದೆ. ಕಾಫಿ ಕೊಯ್ಲು ಶುರುವಾಗುವವರೆಗೆ ಲಾಗಿನ್ ಆಗದ ಖಾತೆಗಳ ಪಾಸ್‌ವರ್ಡ್ ರದ್ದು ಮಾಡಿ, ಅವರು ಚೀಲ ತಂದಾಗ ಕಚೇರಿಯಲ್ಲೇ ಹೊಸದು ಮಾಡಿಕೊಡುವುದು ಅಂತ ಮಾತಾಗಿದೆ. ಆ ಪಟ್ಟಿ ಈಗ ರೈಟರ್ ಅಣ್ಣನ ಹತ್ತಿರ ಇದೆ.